ಸ್ಟರ್ಲಿಂಗ್ ಸುತ್ತ ಐದು ದಿನ: ವಾಲೇಸ್‌ನ ಸೇತುವೆಯಿಂದ ಬೇರ್ಡ್‌ನ ಗುಡ್ಡದವರೆಗೆ

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ನಾವೆಲ್ಲ ಪಟ್ಣ ಅಂತಲೇ ಕರೆಯುವುದು. ಚಿಕ್ಕವಳಿದ್ದಾಗ ಕೋಟೆಯೊಳಗಿನ ಬೈಲಿ ಡಂಜನ್, ಅಂದರೆ ಟಿಪ್ಪು ಕಾಲದ ಸೆರೆಮನೆ, ನಮಗೆ ಕಣ್ಣಾಮುಚ್ಚಾಲೆ ಆಡುವ ಜಾಗ. ಗೋಡೆಯಿಂದ ಕಲ್ಲು ಚಪ್ಪಡಿಗಳು ಚಾಚಿಕೊಂಡಿವೆ, ಅವುಗಳಲ್ಲಿ ತೂತುಗಳಿವೆ. ಕೈದಿಗಳನ್ನು ಅಲ್ಲಿ ಸರಪಳಿ ಹಾಕಿ ಕಟ್ಟುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದರು. ಆಮೇಲೆ ನಾನೇ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದೆ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆ ಕೈದಿಗಳು ಯಾವ ಊರಿನಿಂದ ಬಂದವರು, ಅವರ ಮನೆಯಲ್ಲಿ ಯಾರಿದ್ದರು ಎಂದು ಯಾವ ಮಗುವೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮಗಳಿಗೆ ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಕೆಲಸ ಸಿಕ್ಕಿ ಎರಡು ವರ್ಷವಾಯಿತು. ಊರ ಪಕ್ಕದ ಬ್ರಿಡ್ಜ್ ಆಫ್ ಆಲನ್‌ನಲ್ಲಿ ಬಾಡಿಗೆ ಮನೆ. ಮೇ ಕೊನೆಯಲ್ಲಿ ನಾನೂ ನಮ್ಮ ಯಜಮಾನರೂ ಹೋದೆವು. ವೀಸಾ, ವಿಮಾನ ಎಲ್ಲ ಅವಳೇ ನೋಡಿಕೊಂಡಳು. ರಾತ್ರಿ ಹತ್ತು ಗಂಟೆಗೂ ಆಕಾಶದಲ್ಲಿ ಬೆಳಕಿತ್ತು. ನಿದ್ದೆ ಬರದೆ ಕಿಟಕಿಯಲ್ಲಿ ನಿಂತಾಗ ಎದುರಿನ ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಗೋಪುರವೊಂದು ಕಂಡಿತು. ಇಂಗ್ಲೆಂಡಿನ ವಿರುದ್ಧ ಹೋರಾಡಿದ ಸ್ಕಾಟಿಷ್ ವೀರ ವಾಲೇಸ್‌ನ ಸ್ಮಾರಕ.

ಮೊದಲ ದಿನ: ಹಳದಿ ಅರಮನೆ

ಸ್ಟರ್ಲಿಂಗ್ ಕೋಟೆ ಹೆಬ್ಬಂಡೆಯ ಮೇಲೆ ಕೂತಿದೆ. ಮೂರು ಕಡೆ ಕಡಿದಾದ ಕಲ್ಲು, ಒಂದು ಕಡೆ ಮಾತ್ರ ಇಳಿಜಾರು. ಊರು ಬೆಳೆದಿರುವುದು ಆ ಇಳಿಜಾರಿನಲ್ಲಿ. ಸ್ಟೇಷನ್ನಿನಿಂದ ನಡೆದೇ ಹೋದೆವು, ಅರ್ಧ ಗಂಟೆ ಹಿಡಿಯಿತು. ಮಂಡಿ ನೋವಿನವರು ಬಸ್ಸು ಹಿಡಿಯುವುದೇ ಒಳ್ಳೆಯದು, ನುಣುಪು ಕಲ್ಲಿನ ಏರು ರಸ್ತೆ.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಸಭಾಂಗಣ. ನಾಲ್ಕನೇ ಜೇಮ್ಸ್ ರಾಜ ಕಟ್ಟಿಸಿದ್ದು, 1503ರ ಹೊತ್ತಿಗೆ ಮುಗಿಯಿತು. ಸುತ್ತ ಎಲ್ಲ ಬೂದು ಕಲ್ಲು, ಇದೊಂದು ಮಾತ್ರ ಅರಿಶಿನ ಕಲಸಿದ ಸುಣ್ಣ ಬಳಿದ ಹಾಗೆ ಹಳದಿ! ಹಿಂದೆ ಇದ್ದ ಬಣ್ಣವನ್ನೇ 1999ರಲ್ಲಿ ಮುಗಿದ ದುರಸ್ತಿಯಲ್ಲಿ ಮತ್ತೆ ಬಳಿದರಂತೆ. ನಮ್ಮಲ್ಲಿ ಹಳೆಯ ಕಟ್ಟಡ ಎಂದರೆ ಬಣ್ಣ ಹೋಗಿರಬೇಕು ಎಂದುಕೊಂಡುಬಿಟ್ಟಿದ್ದೇವೆ. ಕಟ್ಟಿದವರು ಕಂಡ ಬಣ್ಣ ಇದು ಎಂದು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಅರಮನೆಯ ಒಂದು ಕೋಣೆಯಲ್ಲಿ ಹಳೆಯ ಕಾಲದ ಉಡುಪು ತೊಟ್ಟ ಹೆಂಗಸು ಬಂದವರನ್ನು ಮಾತಾಡಿಸುತ್ತಿದ್ದರು. ನನ್ನ ಸೀರೆ ನೋಡಿ ಹತ್ತಿರ ಬಂದರು. ಮೈಸೂರು ಕಡೆಯವರು ಎಂದೆ. ಅವರ ತಾತ ಡಂಡಿ ಊರಿನವರಂತೆ, ಕೆಲಸಕ್ಕೆಂದು ಕಲ್ಕತ್ತೆಯ ಸೆಣಬಿನ ಮಿಲ್ಲಿಗೆ ಹೋಗಿದ್ದರಂತೆ. "ಅವರು ಸಾಯುವವರೆಗೂ ಅನ್ನ ಬೇಕು ಅನ್ನುತ್ತಿದ್ದರು" ಎಂದರು. ಆಮೇಲೆ ಕಿಟಕಿಯ ಹತ್ತಿರ ಕರೆದು ಕೆಳಗಿನ ಬಯಲು ತೋರಿಸಿ ಒಂದು ಕಥೆ ಹೇಳಿದರು. 1507ರಲ್ಲಿ ರಾಜನ ಆಶ್ರಯದಲ್ಲಿದ್ದ ಜಾನ್ ಡೇಮಿಯನ್ ಎಂಬ ರಸವಾದಿ ಹಕ್ಕಿಗರಿಯ ರೆಕ್ಕೆ ಕಟ್ಟಿಕೊಂಡು ಈ ಗೋಡೆಯಿಂದ ಹಾರಿದನಂತೆ, ಫ್ರಾನ್ಸಿಗೆ ಹೋಗುತ್ತೇನೆ ಅಂತ. ಬಿದ್ದು ತೊಡೆ ಮೂಳೆ ಮುರಿದುಕೊಂಡ. ಹದ್ದಿನ ಗರಿಯ ಜತೆ ಕೋಳಿ ಗರಿ ಸೇರಿತ್ತು, ಕೋಳಿ ನೆಲಕ್ಕೇ ಹೋಗುವುದಲ್ವಾ, ಅದಕ್ಕೇ ಬಿದ್ದೆ ಎಂದನಂತೆ.

ಗಾಳಿ ವಿಪರೀತ. ಯಜಮಾನರ ಛತ್ರಿ ಕೋಟೆಯ ಗೋಡೆಯ ಮೇಲೆ ಒಂದೇ ಏಟಿಗೆ ಹಿಂದುಮುಂದಾಗಿ ಕಡ್ಡಿ ಮುರಿಯಿತು. ಈ ಊರಿಗೆ ಛತ್ರಿ ಸಲ್ಲದು. ಟೊಪ್ಪಿ ಇರುವ ಮಳೆ ಜಾಕೆಟ್ಟೇ ಸರಿ. ಕೆಳಗಿಳಿದು ಬೇಳೆ ಸೂಪು, ಬ್ರೆಡ್ಡು ತಿಂದೆವು. ಕೆಂಪು ಬೇಳೆ, ಕ್ಯಾರೆಟ್, ಮೆಣಸು. ಒಗ್ಗರಣೆ ಒಂದು ಬಿದ್ದಿದ್ದರೆ ನಮ್ಮನೆಯ ಸಾರೇ ಅದು. ಸಸ್ಯಾಹಾರಿಗಳಿಗೆ ಹೇಳುತ್ತೇನೆ, ನಾವು ಹೋದ ಸಣ್ಣ ಹೋಟೆಲುಗಳಲ್ಲೆಲ್ಲ ಈ ಸೂಪು ಇತ್ತು. ಮಾಂಸದ ಸಾರಿನಲ್ಲಿ ಮಾಡಿದ್ದೋ ಏನೋ ಎಂದು ಒಂದು ಮಾತು ಕೇಳಿಕೊಂಡರೆ ಸಾಕು.

ಎರಡನೇ ದಿನ: ಸೇತುವೆ, ಗೋಪುರ

ವಾಲೇಸ್ ಸ್ಮಾರಕ ಮನೆಗೆ ಹತ್ತಿರ. ಬಿಸಿಲಿತ್ತು. ಗುಡ್ಡದ ಅಂಚಿನಲ್ಲಿ ಮುಳ್ಳುಪೊದೆ ತುಂಬ ಹಳದಿ ಹೂ, ಗಾರ್ಸ್ ಅನ್ನುತ್ತಾರೆ. ಹತ್ತಿರ ಹೋದರೆ ತೆಂಗಿನಕಾಯಿಯ ವಾಸನೆ! ಈಗತಾನೆ ಹೋಳು ತುರಿದ ಹಾಗೆ. ನಾನು ಮೂಗು ಹತ್ತಿರ ಇಟ್ಟುಕೊಂಡು ಅಲ್ಲೇ ನಿಂತುಬಿಟ್ಟೆ. ಊರು ಬಿಟ್ಟು ವಾರವಾಗಿತ್ತು ನೋಡಿ.

ಗೋಪುರ 1869ರಲ್ಲಿ ಮುಗಿದದ್ದು. 67 ಮೀಟರ್ ಎತ್ತರ, ಒಳಗೆ ಸುತ್ತು ಮೆಟ್ಟಿಲು 246. ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಅಷ್ಟು ಕಿರಿದು. ನಡುನಡುವೆ ಕೋಣೆಗಳಿವೆ, ಉಸಿರು ತಗೊಳ್ಳಬಹುದು. ಒಂದರಲ್ಲಿ ವಾಲೇಸ್‌ನದು ಎನ್ನುವ ಕತ್ತಿ ಇಟ್ಟಿದ್ದಾರೆ, ಹೆಚ್ಚುಕಡಿಮೆ ನನ್ನಷ್ಟೇ ಉದ್ದ. ಬೆಳಗ್ಗೆ ಬೇಗ ಹೋಗಿ, ಹತ್ತೂವರೆಯ ಮೇಲೆ ಮೆಟ್ಟಿಲಲ್ಲಿ ಜನ ಜಾಸ್ತಿ.

ಮೇಲಿನಿಂದ ಕಂಡದ್ದನ್ನು ನಾನು ಮರೆಯುವುದಿಲ್ಲ. ಫೋರ್ತ್ ನದಿ ಬಯಲಿನಲ್ಲಿ ಹಾವಿನ ಹಾಗೆ ಸುತ್ತಿ ಸುತ್ತಿ ಹರಿಯುತ್ತದೆ. ಒಂದು ಸುತ್ತು ಎಷ್ಟು ದುಂಡಗೆ ಎಂದರೆ, ನದಿಯೇ ನೆಲವನ್ನು ತಬ್ಬಿಕೊಂಡ ಹಾಗೆ. ಕಾವೇರಿ ನಮ್ಮ ಪಟ್ಣವನ್ನು ಸುತ್ತುವರಿದ ಹಾಗೆಯೇ. "ನೋಡೇ, ಸಂಗಮದ ಹತ್ತಿರ ನಿಂತಂಗಿದೆ" ಎಂದರು ಯಜಮಾನರು.

ಆ ನದಿಯ ಮೇಲೆ 1297ರ ಸೆಪ್ಟೆಂಬರ್ 11ರಂದು ಒಂದು ಮರದ ಸೇತುವೆ ಇತ್ತು. ಇಬ್ಬರು ಸವಾರರು ಅಕ್ಕಪಕ್ಕ ಹೋಗುವಷ್ಟೇ ಅಗಲ. ಆಚೆ ದಡದಲ್ಲಿ ಇಂಗ್ಲೆಂಡಿನ ದೊಡ್ಡ ಸೈನ್ಯ. ಈಚೆ ಇದೇ ಗುಡ್ಡದ ಮೇಲೆ ವಿಲಿಯಂ ವಾಲೇಸ್ ಮತ್ತು ಆಂಡ್ರ್ಯೂ ಮೊರೇ ಕಾದು ನಿಂತಿದ್ದರು. ಸೈನ್ಯದ ಒಂದು ಪಾಲು ಸೇತುವೆ ದಾಟುವವರೆಗೆ ಸುಮ್ಮನಿದ್ದರು. ಆಮೇಲೆ ಇಳಿದು ಸೇತುವೆಯ ತುದಿ ಕಟ್ಟಿಹಾಕಿದರು. ದಾಟಿದವರು ಹಿಂದಕ್ಕೆ ಹೋಗಲಾರರು, ಆಚೆಯವರು ಮುಂದಕ್ಕೆ ಬರಲಾರರು. ಮೊರೇ ಆ ಯುದ್ಧದಲ್ಲಾದ ಗಾಯದಿಂದಲೇ ತೀರಿಕೊಂಡ ಎನ್ನುತ್ತಾರೆ. ವಾಲೇಸ್‌ನನ್ನು 1305ರಲ್ಲಿ ಲಂಡನ್ನಿನಲ್ಲಿ ಕೊಂದರು.

ಮಧ್ಯಾಹ್ನ ಈಗಿರುವ ಹಳೆಯ ಕಲ್ಲಿನ ಸೇತುವೆಗೆ ಹೋದೆವು. ಇದು ಆಮೇಲೆ ಕಟ್ಟಿದ್ದು, ಯುದ್ಧ ಕಂಡದ್ದಲ್ಲ. ನಾಲ್ಕು ಕಮಾನು, ಜನ ನಡೆದಾಡುವುದಕ್ಕೆ ಮಾತ್ರ. ಬುಟ್ಟಿ ಕಟ್ಟಿದ ಸೈಕಲ್ ತಳ್ಳಿಕೊಂಡು ಬಂದ ವಯಸ್ಸಾದವರೊಬ್ಬರು ನಿಂತು, ನೀರು ಈಗ ಯಾವ ಕಡೆ ಹರಿಯುತ್ತಿದೆ ಹೇಳಿ ಎಂದು ಕೇಳಿದರು. ನೋಡಿದರೆ ನೀರು ಸಮುದ್ರದ ಕಡೆಯಿಂದ ಒಳಗೆ ಬರುತ್ತಿತ್ತು. ಭರತ ಇಲ್ಲಿಯವರೆಗೂ ಏರುತ್ತದಂತೆ. ಕಾವೇರಿ ದಡದಲ್ಲಿ ಬೆಳೆದ ನನಗೆ ನದಿ ಹಿಂದಕ್ಕೆ ಹರಿಯುವುದು ಹೊಸದು. ನಾವು ಮೂವರೂ ಮಾತಿಲ್ಲದೆ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

ಸಂಜೆ ಬ್ಯಾನಕ್‌ಬರ್ನ್. 1314ರ ಜೂನ್ 23 ಮತ್ತು 24ರಂದು ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ಇಂಗ್ಲೆಂಡಿನ ರಾಜ ಎರಡನೇ ಎಡ್ವರ್ಡನನ್ನು ಸೋಲಿಸಿದ ಜಾಗ. ಕುದುರೆ ಮೇಲೆ ಕೂತ ಬ್ರೂಸ್‌ನ ದೊಡ್ಡ ಪ್ರತಿಮೆ ಇದೆ. ಸುತ್ತ ಮನೆಗಳು ಬಂದುಬಿಟ್ಟಿವೆ. ಹುಲ್ಲಿನ ಮೇಲೆ ಮಕ್ಕಳು ಚೆಂಡಾಡುತ್ತಿದ್ದರು. ಅಷ್ಟರಲ್ಲಿ ಮಳೆ ಬಂತು, ಹೊರಟೆವು.

ಮೂರನೇ ದಿನ: ನೀರಿನ ಚಕ್ರ, ಸೂರಿಲ್ಲದ ಅರಮನೆ

ಈ ದಿನ ನಮ್ಮ ಯಜಮಾನರದ್ದು. ಅವರು ನೀರಾವರಿ ಇಲಾಖೆಯಲ್ಲಿ ಇದ್ದವರು. ವಿಶ್ವೇಶ್ವರಯ್ಯ ನಾಲೆಯ ತೂಬುಗಳ ಮೇಲೇ ಅರ್ಧ ಆಯುಷ್ಯ ಕಳೆದವರು. ಫಾಲ್ಕರ್ಕ್ ಚಕ್ರದ ಎದುರು ಅವರು ಒಂದು ಗಂಟೆ ಕದಲಲಿಲ್ಲ.

ವಿಷಯ ಇಷ್ಟೇ. ಎರಡು ಕಾಲುವೆಗಳು, ಒಂದು ಮೇಲೆ, ಒಂದು ಕೆಳಗೆ. ಹಿಂದೆ ದೋಣಿಗಳು 11 ಲಾಕುಗಳ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸುವ ಬಾಗಿಲುಕಟ್ಟೆಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಿತ್ತು, ಹೆಚ್ಚುಕಡಿಮೆ ಒಂದು ದಿನದ ಕೆಲಸ. 1930ರ ದಶಕದಲ್ಲಿ ಆ ಲಾಕುಗಳನ್ನು ಮುಚ್ಚಿಬಿಟ್ಟರು. 2002ರಲ್ಲಿ ಅದರ ಬದಲು ಈ ಚಕ್ರ ಬಂತು. ಎರಡು ತೋಳು, ಎರಡರಲ್ಲೂ ನೀರಿನ ತೊಟ್ಟಿ. ದೋಣಿ ತೊಟ್ಟಿಯೊಳಗೆ ಬಂದರೆ ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ದೋಣಿ ಇದ್ದರೂ ಇಲ್ಲದಿದ್ದರೂ ಎರಡು ಕಡೆಯ ತೂಕ ಒಂದೇ. ತಕ್ಕಡಿ ಸಮ ಇದ್ದಾಗ ಬೆರಳಲ್ಲಿ ತಳ್ಳಿದರೂ ತಿರುಗುವುದಿಲ್ಲವೇ? ಒಂದು ಸಲ ತಿರುಗಿಸಲು ಎಂಟು ಕೆಟಲ್ ನೀರು ಕಾಯಿಸುವಷ್ಟು ಕರೆಂಟು ಸಾಕು ಎಂದು ದೋಣಿಯ ಹುಡುಗ ಹೇಳಿದ. ಯಜಮಾನರು ಅವನ ಕೈ ಕುಲುಕಿದರು.

ದೋಣಿ 24 ಮೀಟರ್ ಮೇಲಕ್ಕೆ ಏರಿ, ಗಾಳಿಯಲ್ಲಿ ತೂಗಿದ ಹಾಗಿರುವ ಮೇಲ್ಗಾಲುವೆ ದಾಟಿ, ಒಂದು ಸುರಂಗದೊಳಗೆ ಹೋಯಿತು. "ನಮ್ಮ ನಾಲೆಯ ಹುಲಿಕೆರೆ ಸುರಂಗ ಇದಕ್ಕಿಂತ ಎಷ್ಟೋ ಉದ್ದ" ಎಂದು ಅವರು ದೋಣಿಯಲ್ಲಿದ್ದ ಎಲ್ಲರಿಗೂ ಹೇಳಿದರು. ಅದು ನಿಜವೇ. ಆದರೆ ಈ ಸುರಂಗ ತೋಡಿದ್ದಕ್ಕೆ ಕಾರಣ ಬೇರೆ. ಮೇಲೆ ಆಂಟನೈನ್ ಗೋಡೆ ಇದೆ. ಅದನ್ನು ಕಡಿಯಬಾರದು ಎಂದು ಕಾಲುವೆಯನ್ನು ನೆಲದೊಳಗೆ ಇಳಿಸಿದರು.

ಆ ಗೋಡೆ ನೋಡಲು ಕಾಡಿನ ದಾರಿಯಲ್ಲಿ ರಫ್ ಕಾಸಲ್‌ವರೆಗೆ ನಡೆದೆವು, ಇಪ್ಪತ್ತು ನಿಮಿಷ, ಟಿಕೆಟ್ ಇಲ್ಲ. ರೋಮನ್ ಚಕ್ರವರ್ತಿ ಆಂಟೊನೈನಸ್ ಪಯಸ್ ಕಾಲದಲ್ಲಿ, ಸುಮಾರು ಕ್ರಿ.ಶ. 142ರಿಂದ, ಸಮುದ್ರದಿಂದ ಸಮುದ್ರಕ್ಕೆ ಸುಮಾರು 60 ಕಿ.ಮೀ. ಕಟ್ಟಿದ ಗಡಿ. ಕಲ್ಲಿನದಲ್ಲ. ಕಲ್ಲಿನ ತಳದ ಮೇಲೆ ಹುಲ್ಲು ಹೆಂಟೆ ಪೇರಿಸಿದ್ದು. ಇಪ್ಪತ್ತು ವರ್ಷದೊಳಗೇ ಬಿಟ್ಟು ಹೋದರು. ಈಗ ಉಳಿದಿರುವುದು ಹಸಿರು ದಿಬ್ಬ, ಕಂದಕ, ಪಕ್ಕದಲ್ಲಿ ಸಾಲು ಸಾಲು ಗುಂಡಿಗಳು. ಗುಂಡಿಗಳಲ್ಲಿ ಚೂಪು ಗೂಟ ನೆಟ್ಟು ಮೇಲೆ ಮುಚ್ಚುತ್ತಿದ್ದರಂತೆ. ಅಲ್ಲಿ ಕುರಿಮರಿಗಳ ಕೂಗು ಬಿಟ್ಟರೆ ಏನೂ ಇರಲಿಲ್ಲ. ದಿಬ್ಬದ ಮೇಲೆ ಕೂತು ಮಗಳು ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ತಿಂದೆವು.

ಮಧ್ಯಾಹ್ನದ ಮೇಲೆ ರೈಲಿನಲ್ಲಿ ಲಿನ್‌ಲಿತ್ಗೋ. ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಅರಮನೆ. ಕೆರೆ, ಹಂಸಗಳು, ನಡುವೆ ಸೂರಿಲ್ಲದ ಕೆಂಪು ಕಲ್ಲಿನ ಗೋಡೆಗಳು. ಸ್ಕಾಟ್ಲೆಂಡಿನ ಮೇರಿ ರಾಣಿ ಹುಟ್ಟಿದ್ದು ಇಲ್ಲೇ, 1542ರ ಡಿಸೆಂಬರ್ 8ರಂದು. ಆರು ದಿನಕ್ಕೆ ಅಪ್ಪ ತೀರಿಕೊಂಡ, ತೊಟ್ಟಿಲ ಮಗು ರಾಣಿಯಾಯಿತು. 1746ರಲ್ಲಿ ಬ್ರಿಟಿಷ್ ಸರ್ಕಾರದ ಸೈನ್ಯ ತಂಗಿದ್ದಾಗ ಬೆಂಕಿ ಬಿದ್ದು ಸೂರು ಹೋಯಿತು.

ಒಂದು ಮೂಲೆಯ ಗೋಪುರದ ತುದಿಯಲ್ಲಿ ಪುಟ್ಟ ಕೋಣೆ ಇದೆ. ಮಾರ್ಗರೆಟ್ ರಾಣಿಯ ಕೋಣೆ ಅನ್ನುತ್ತಾರೆ. 1513ರಲ್ಲಿ ಗಂಡ ನಾಲ್ಕನೇ ಜೇಮ್ಸ್, ಆ ಹಳದಿ ಸಭಾಂಗಣ ಕಟ್ಟಿಸಿದವನೇ, ಯುದ್ಧಕ್ಕೆ ಹೋದಾಗ ಅವಳು ಇಲ್ಲಿ ಕೂತು ದಾರಿ ನೋಡುತ್ತಿದ್ದಳು ಎಂಬ ಮಾತಿದೆ. ಅವನು ಫ್ಲಾಡನ್ ಬಯಲಿನಲ್ಲೇ ಸತ್ತ. ಕೋಣೆಯ ಸುತ್ತ ಕಿಟಕಿಗಳು, ಎಲ್ಲ ದಿಕ್ಕಿಗೂ. ನನಗೆ ಭಾನುವಾರದ ಸಂಜೆಗಳು ನೆನಪಾದವು. ಮಗಳ ಫೋನು ಬರುವುದು ಹತ್ತು ನಿಮಿಷ ತಡವಾದರೂ ನಾನು ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಫೋನಿಗೂ ಬಾಗಿಲಿಗೂ ಏನು ಸಂಬಂಧ, ಆದರೂ ನಿಲ್ಲುತ್ತೇನೆ.

ವಾಪಸು ಬರುವಾಗ ಸ್ಟರ್ಲಿಂಗ್ ರೈಲು ಎಂದುಕೊಂಡು ಗ್ಲಾಸ್ಗೋ ರೈಲು ಹತ್ತಿಬಿಟ್ಟೆವು. ಲಿನ್‌ಲಿತ್ಗೋದಲ್ಲಿ ಒಂದೇ ಪ್ಲಾಟ್‌ಫಾರಂಗೆ ಎರಡೂ ಬರುತ್ತವೆ, ಬೋರ್ಡು ನೋಡಿಯೇ ಹತ್ತಬೇಕು. ಫಾಲ್ಕರ್ಕ್ ಹೈ ಎಂಬಲ್ಲಿ ಇಳಿದೆವು. ಸ್ಟರ್ಲಿಂಗ್ ರೈಲು ನಿಲ್ಲುವುದು ಆ ಊರಿನ ಇನ್ನೊಂದು ಸ್ಟೇಷನ್ನಿನಲ್ಲಿ. ಮಳೆ, ಸಂಜೆ ಏಳು ಗಂಟೆ. ಸೂಪರ್‌ಮಾರ್ಕೆಟ್ ಚೀಲ ಹಿಡಿದಿದ್ದ ಹೆಂಗಸೊಬ್ಬರು ದಾರಿ ಹೇಳಲು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಜತೆಗೇ ಬಂದರು. ಊರ ನಡುವಿನ ಇಳಿಜಾರಿನಲ್ಲಿ ಇಪ್ಪತ್ತೈದು ನಿಮಿಷ ನಮ್ಮೊಂದಿಗೆ ನಡೆದರು. ಅವರ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಅವರ ಮಾತಿನಲ್ಲಿ ನನಗೆ ಅರ್ಧ ಅರ್ಥವಾಯಿತು, ನನ್ನ ಇಂಗ್ಲಿಷಿನಲ್ಲಿ ಅವರಿಗೂ ಅಷ್ಟೇ ಇರಬೇಕು. ಮಗನ ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ಅವರಿಗೆ ಗಡಿಯಾರ ನೋಡದೆ ಗೊತ್ತಿತ್ತು. ಅದು ನನಗೆ ಪೂರ್ತಿ ಅರ್ಥವಾಯಿತು.

ನಾಲ್ಕನೇ ದಿನ: ಡೂನ್

ದಿನವಿಡೀ ಸೋನೆ ಮಳೆ. ಇಂಥ ದಿನಕ್ಕೆ ಇಲ್ಲಿ ಡ್ರೀಕ್ ಎಂಬ ಮಾತಿದೆ. ಮಲೆನಾಡಿನ ಆಷಾಢವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಸಂಜೆ ಸ್ವಲ್ಪ ಬಿಟ್ಟಾಗ ಡೂನ್ ಕೋಟೆಗೆ ಹೋಗಿಬಂದೆವು. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ರಾಬರ್ಟ್ ಸ್ಟೂವರ್ಟ್ ಕಟ್ಟಿಸಿದ್ದು. ನನಗೆ ಇಷ್ಟವಾದದ್ದು ಅಡುಗೆಮನೆ. ಒಲೆಯ ಕಮಾನೇ ಒಂದು ಕೋಣೆಯಷ್ಟು ಅಗಲ. ಸ್ಟರ್ಲಿಂಗ್ ಕೋಟೆ, ಲಿನ್‌ಲಿತ್ಗೋ, ಡೂನ್ ಮೂರಕ್ಕೂ ಒಂದೇ ಎಕ್ಸ್‌ಪ್ಲೋರರ್ ಪಾಸ್ ನಡೆಯುತ್ತದೆ, ಬೇರೆ ಬೇರೆ ಟಿಕೆಟ್ ತಗೊಳ್ಳಬೇಡಿ. ರಾತ್ರಿ ಮಗಳು ಸಸ್ಯಾಹಾರಿ ಹ್ಯಾಗಿಸ್ ಬೇಯಿಸಿದಳು. ಓಟ್ಸ್, ಬೇಳೆ, ಮೆಣಸಿನ ಖಾರ. ಮೊಸರನ್ನದ ಜತೆ ಚೆನ್ನಾಗಿ ಹೊಂದಿತು.

ಐದನೇ ದಿನ: ಬೇರ್ಡ್‌ನ ಗುಡ್ಡ

ಶನಿವಾರ ಮಗಳಿಗೆ ರಜ. "ಅಮ್ಮಾ, ನೀನು ಕೇಳಿದ ಜಾಗ ಸಿಕ್ತು" ಎಂದು ಕಾರು ತೆಗೆದಳು. ಡನ್‌ಬ್ಲೇನ್, ಬ್ರಾಕೊ, ಮತ್ಹಿಲ್ ದಾಟಿ ಕ್ರೀಫ್‌ಗೆ ಒಂದು ಗಂಟೆಯೊಳಗಿನ ದಾರಿ. ಎರಡೂ ಕಡೆ ಕಲ್ಲು ಪೇರಿಸಿದ ಗಿಡ್ಡ ಗೋಡೆ, ಅದರಾಚೆ ಕುರಿ, ಉತ್ತರಕ್ಕೆ ನೀಲಿ ಬೆಟ್ಟದ ಸಾಲು. ಕ್ರೀಫ್ ದಾಟಿ ಕಾಮ್ರಿ ಕಡೆಗೆ ಹೋಗುವಾಗ ಮರಗಳ ಮೇಲೆ ಒಂದು ಕಲ್ಲಿನ ಕಂಬದ ತುದಿ ಕಾಣುತ್ತದೆ.

ಡೇವಿಡ್ ಬೇರ್ಡ್‌ನ ಸ್ಮಾರಕ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರಾಲಿ, ಟಿಪ್ಪು ಇಬ್ಬರೂ ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಸೈನ್ಯವನ್ನು ಮುರಿದಾಗ ಗಾಯಗೊಂಡು ಸಿಕ್ಕಿಬಿದ್ದವರಲ್ಲಿ ಈ ಹುಡುಗನೂ ಒಬ್ಬ. ಇಪ್ಪತ್ತೆರಡು ವರ್ಷದ ಕ್ಯಾಪ್ಟನ್. ನಮ್ಮ ಪಟ್ಣದ ಸೆರೆಯಲ್ಲಿ ಮೂರೂವರೆ ವರ್ಷ ಕಳೆದ. ಬೈಲಿ 1782ರಲ್ಲಿ ಅಲ್ಲೇ ಸತ್ತ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಬೇರ್ಡ್‌ನ ತಾಯಿ, "ನಮ್ಮ ಡೇವಿಯ ಜತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು" ಎಂದಳಂತೆ. ಮಗ ಮುಂಗೋಪಿ. ಈ ಮಾತನ್ನು ನಗುತ್ತಾ ಹೇಳುವವರಿದ್ದಾರೆ. ನನಗೆ ನಗು ಬರುವುದಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿ ಬರುವ ಕಾಗದಕ್ಕೆ ಕಾದ ಹೆಂಗಸು ಅವಳು.

ಗುಡ್ಡ ಚಿಕ್ಕದು, ಆದರೆ ಮಳೆಗೆ ದಾರಿ ಜಾರುತ್ತಿತ್ತು. ಓಕ್ ಮರಗಳ ಕೆಳಗೆ ನೆಲವೆಲ್ಲ ಬ್ಲೂಬೆಲ್ ಹೂ, ಬಾಡುವ ಹೊತ್ತು, ಆದರೂ ನೀಲಿ. ಒಂದು ಕಡೆ ನಾನು ಜಾರಿ ಬಿದ್ದು ಅಂಗೈ ತರಚಿತು. ಗಟ್ಟಿ ಹಿಡಿತದ ಶೂ ಇಲ್ಲದೆ ಹತ್ತಬೇಡಿ. ತುದಿಯಲ್ಲಿ ಕಂಬ, ಸುಮಾರು 80 ಅಡಿ. ಅವನು ತೀರಿಕೊಂಡ ಮೇಲೆ ಹೆಂಡತಿ 1832ರಲ್ಲಿ ನಿಲ್ಲಿಸಿದ್ದು.

1799ರ ಮೇ 4ರ ಮಧ್ಯಾಹ್ನ ಕಾವೇರಿಯ ಬಂಡೆಗಳ ಮೇಲೆ ಇಳಿದು, ಒಡೆದ ಕೋಟೆಯೊಳಗೆ ನುಗ್ಗಿದ ಸೈನ್ಯದ ಮುಂದೆ ಇದ್ದವನು ಇವನೇ. ತಾನೇ ಮುಂದೆ ನಿಲ್ಲುತ್ತೇನೆ ಎಂದು ಕೇಳಿಕೊಂಡಿದ್ದ. ಜತೆಗೆ 73ನೇ, 74ನೇ ಹೈಲ್ಯಾಂಡ್ ರೆಜಿಮೆಂಟುಗಳ ಸ್ಕಾಟಿಷ್ ಹುಡುಗರು. ಆ ರಾತ್ರಿ ಪಂಜಿನ ಬೆಳಕಿನಲ್ಲಿ ಟಿಪ್ಪುವಿನ ದೇಹ ಹುಡುಕಿಸಿದವನೂ ಇವನೇ. ಆಮೇಲೆ ಪಟ್ಣವನ್ನು ಲೂಟಿ ಮಾಡಿದರು. ನಮ್ಮ ಬೀದಿಗಳಲ್ಲಿ ಸತ್ತವರಿಗೆ ಕಂಬ ನಿಲ್ಲಿಸಿದವರಿಲ್ಲ. ತಮ್ಮ ನದಿಯ ಸೇತುವೆಗಾಗಿ ಪ್ರಾಣ ಕೊಟ್ಟವರನ್ನು ಇಷ್ಟು ಪ್ರೀತಿಯಿಂದ ನೆನೆಯುವ ಈ ನೆಲದ ಮಕ್ಕಳೇ ಐದು ನೂರು ವರ್ಷದ ಮೇಲೆ ನಮ್ಮ ನದಿ ದಾಟಿ ಬಂದರಲ್ಲ. ಮೊನ್ನೆ ಗೋಪುರದ ತುದಿಯಲ್ಲಿ ನಿಂತಾಗಿನಿಂದ ಈ ಮಾತು ನನ್ನ ಗಂಟಲಲ್ಲೇ ಇತ್ತು. ಮಗಳಿಗೆ ಹೇಳಿದೆ. ಅವಳು ಏನೂ ಹೇಳದೆ ನನ್ನ ತರಚಿದ ಕೈ ಹಿಡಿದುಕೊಂಡಳು.

ನಾಯಿ ಕರೆದುಕೊಂಡು ಬಂದಿದ್ದ ಒಬ್ಬರು ಸಿಕ್ಕಿದರು, ಅರವತ್ತರ ಆಸುಪಾಸು. ಚಿಕ್ಕಂದಿನಿಂದ ಈ ಗುಡ್ಡಕ್ಕೆ ಬರುತ್ತಿದ್ದಾರಂತೆ. ಕಂಬ ಯಾರದ್ದು ಅಂತ ಗೊತ್ತು, ಅವನು ಎಲ್ಲಿ ಯುದ್ಧ ಮಾಡಿದ ಎಂಬುದು ಗೊತ್ತಿರಲಿಲ್ಲ. ನಾನು ಆ ಊರಿನವಳು ಎಂದೆ. ಅವರು ಟೋಪಿ ತೆಗೆದರು. ಮೊಬೈಲಿನಲ್ಲಿ ಕಾವೇರಿ, ಜಲದ್ವಾರ, ಡಂಜನ್ನಿನ ಚಿತ್ರ ತೋರಿಸಿದೆ. ತೂತಿನ ಕಲ್ಲುಗಳ ಚಿತ್ರವನ್ನು ಅವರು ತುಂಬ ಹೊತ್ತು ನೋಡಿದರು. "ನಾವೂ ಇಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು" ಎಂದರು, ಕಂಬದ ಹಿಂದಿನ ಜಾಗ ತೋರಿಸಿ.

ಊರಿಗೆ ಬಂದು ಮೂರು ವಾರವಾಯಿತು. ಮೊನ್ನೆ ಭಾನುವಾರ ಸಂಜೆ ಡಂಜನ್ನಿಗೆ ಹೋದೆ. ಮಗಳ ಫೋನು ಬರುವ ಹೊತ್ತು. ವಿಡಿಯೋ ಹಾಕಿ ಆ ಕಲ್ಲುಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದೆ. "ಹತ್ತಿರ ಹಿಡಿಯಮ್ಮಾ, ತೂತು ಕಾಣ್ತಿಲ್ಲ" ಎಂದಳು. ತೂತಿಗೆ ಬೆರಳಿಟ್ಟು ತೋರಿಸಿದೆ. ಒಳಗಿನ ಅಂಚು ಸವೆದು ನುಣ್ಣಗಾಗಿತ್ತು.